ಚಿಕ್ಕ ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದುವ ಬಗೆ

ಕಥೋಲಿಕ ಧರ್ಮಸಭೆಯಲ್ಲಿ ಗುರುದೀಕ್ಷೆಗೆ, ಅಂದರೆ ಪಾದ್ರಿಯಾಗಲು, ಸಿದ್ಧರಾಗುವವರು ಎರಡು ವರ್ಷ ತತ್ವಶಾಸ್ತ್ರವನ್ನೂ ನಾಲ್ಕು ವರ್ಷ ದೈವಶಾಸ್ತ್ರವನ್ನೂ ಓದಬೇಕೆಂಬುದು 1983ರ ಧರ್ಮಸಭಾ ಕಾನೂನು ಸಂಹಿತೆಯ ಕನಿಷ್ಠ ನಿಯಮ. ಮಂಗಳೂರಿನ ಜೆಪ್ಪುವಿನಲ್ಲಿರುವ, 1879ರಲ್ಲಿ ಆರಂಭವಾದ ಸಂತ ಜೋಸೆಫರ ಗುರುಮಠ (ಸೆಮಿನರಿ) ಆಗಲಿ, ಬೆಂಗಳೂರಿನ ಆಸುಪಾಸಿನಲ್ಲಿರುವ ಧಾರ್ಮಿಕ ಸಭೆಗಳ ಪುಟ್ಟ ಕಾಲೇಜುಗಳಾಗಲಿ, ಓದಿನ ಚೌಕಟ್ಟು ಹೆಚ್ಚುಕಡಿಮೆ ಇದೇ.

ತತ್ವಶಾಸ್ತ್ರದ ಮೊದಲ ಎರಡು ವರ್ಷಗಳನ್ನು ಹೇಗಾದರೂ ದಾಟಿಬಿಟ್ಟರೆ ಸಾಕು, ನಿಜವಾದ ಓದು ಆಮೇಲೆ ಎಂದು ಭಾವಿಸುವವರು ಬಹಳ. ಇದು ದೊಡ್ಡ ತಪ್ಪು. ಕ್ರಿಸ್ತರು ಒಬ್ಬರೇ ವ್ಯಕ್ತಿ, ಅವರಲ್ಲಿ ದೈವ ಸ್ವಭಾವ ಮತ್ತು ಮಾನವ ಸ್ವಭಾವ ಎರಡೂ ಇವೆ ಎಂದು ಬಿಷಪರು ಸೇರಿದ್ದ 451ರ ಕಾಲ್ಸೆಡನ್ ಮಹಾಸಭೆ ಸಾರಿತು. ‘ವ್ಯಕ್ತಿ’ ಎಂದರೇನು, ‘ಸ್ವಭಾವ’ ಎಂದರೇನು ಎಂದು ಮೊದಲೇ ಯೋಚಿಸದವರು ಆ ವಾಕ್ಯವನ್ನು ಬಾಯಿಪಾಠ ಮಾಡಬಹುದೇ ಹೊರತು ಅರ್ಥ ಮಾಡಿಕೊಳ್ಳಲಾರರು.

ಓದುವ ಕ್ರಮಕ್ಕೆ ಹದಿಮೂರನೆಯ ಶತಮಾನದ ದೈವಶಾಸ್ತ್ರಜ್ಞ ಸಂತ ತೋಮಸ್ ಅಕ್ವಿನಾಸರೇ ಮಾದರಿ. ಅವರ ‘ಸುಮ್ಮಾ ಥಿಯೊಲಾಜಿಯೆ’ ಎಂಬ ಮಹಾಗ್ರಂಥದ ಮೊದಲ ಭಾಗದ ಎರಡನೆಯ ಪ್ರಶ್ನೆಯ ಮೂರನೆಯ ಲೇಖವನ್ನು ತೆರೆಯಿರಿ. ದೇವರು ಇದ್ದಾರೆಯೇ ಎಂಬುದು ಅಲ್ಲಿನ ವಿಷಯ. ಅವರು ಮೊದಲು ಬರೆಯುವುದು ತಮ್ಮ ಉತ್ತರವನ್ನಲ್ಲ, ಎದುರಾಳಿಯ ಎರಡು ಆಕ್ಷೇಪಗಳನ್ನು: ಅಪರಿಮಿತ ಒಳಿತು ಇದ್ದಿದ್ದರೆ ಲೋಕದಲ್ಲಿ ಕೆಡುಕು ಉಳಿಯುತ್ತಿರಲಿಲ್ಲ, ನಡೆಯುವುದೆಲ್ಲವನ್ನೂ ಪ್ರಕೃತಿಯಿಂದ ಮತ್ತು ಮನುಷ್ಯನ ಬುದ್ಧಿ, ಇಚ್ಛೆಗಳಿಂದ ವಿವರಿಸಬಹುದಾದರೆ ದೇವರ ಅಗತ್ಯವೇನು? ದೇವರಿದ್ದಾರೆ ಎಂದು ತೋರಿಸುವ ಹೆಸರಾಂತ ಐದು ಮಾರ್ಗಗಳು ಬರುವುದು ಇದಾದ ಮೇಲೆ. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ (ಎದುರಾಳಿಯ ವಾದ), ಸಿದ್ಧಾಂತಗಳ (ತಮ್ಮ ನಿರ್ಣಯ) ಕ್ರಮವನ್ನು ಬಲ್ಲವರಿಗೆ ಈ ನಡೆ ಹೊಸದೆನಿಸದು. ಒಂದು ನೋಟ್ ಪುಸ್ತಕವನ್ನು ಇದಕ್ಕೆಂದೇ ಇಟ್ಟುಕೊಂಡು, ಯಾವ ಪಾಠವಾದರೂ ಪೂರ್ವಪಕ್ಷವನ್ನು ಕನ್ನಡದಲ್ಲಿ ಅರ್ಧ ಪುಟ ಬರೆಯಿರಿ. ಅದನ್ನು ಓದಿದ ನಾಸ್ತಿಕನೊಬ್ಬ ‘ಹೌದು, ನಾನು ಹೇಳುವುದು ಇದನ್ನೇ’ ಎಂದು ಒಪ್ಪುವಂತಿರಬೇಕು. ನಿಮ್ಮ ಉತ್ತರ ಆಮೇಲೆ ಬರಲಿ.

ಕನ್ನಡದಲ್ಲಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪಾಠ, ಪರೀಕ್ಷೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತವೆ. ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಕೆಡುಕಿನ ಪ್ರಶ್ನೆಗೆ ನಾನು ಇಂಗ್ಲಿಷ್ ನೋಟ್ಸನ್ನು ತಡವರಿಸದೆ ಒಪ್ಪಿಸಿದೆ. ಗುರುಗಳು ಕೇಳಿಸಿಕೊಂಡು, ‘ಮಗುವನ್ನು ಕಳೆದುಕೊಂಡ ತಾಯಿಗೆ ಇದನ್ನೇ ಕನ್ನಡದಲ್ಲಿ ಹೇಳಿ ಬ್ರದರ್’ ಎಂದರು. ನನ್ನ ಬಾಯಿಂದ ಒಂದು ವಾಕ್ಯವೂ ಹೊರಡಲಿಲ್ಲ. ಪದ ಗೊತ್ತಿಲ್ಲದ್ದರಿಂದಲ್ಲ, ವಿಷಯ ನನ್ನದಾಗಿರಲಿಲ್ಲ.

ಭಾರತೀಯ ದರ್ಶನಗಳ ಪಾಠವನ್ನು ಅಂಕಗಳಿಗಾಗಿ ಮಾತ್ರ ಓದಬೇಡಿ. ಉಡುಪಿಯ ನೆರೆಯಲ್ಲಿ ಹುಟ್ಟಿ ಬೆಳೆದವರು ಈಶ್ವರ, ಜೀವ, ಜಡಗಳ ನಡುವೆ ಮಧ್ವರು ಹೇಳಿದ ಐದು ಬಗೆಯ ಭೇದವನ್ನು, ಅಂದರೆ ಪಂಚಭೇದವನ್ನು, ತಿಳಿಯದೆ ಸೃಷ್ಟಿಕರ್ತ ಮತ್ತು ಸೃಷ್ಟಿಯ ಭೇದವನ್ನು ಕಲಿಯುವುದು ಕೈಯಲ್ಲಿರುವ ದೀಪವನ್ನು ಆರಿಸಿದಂತೆ. ಆದರೆ ಹೋಲಿಕೆಗೆ ಆತುರ ಬೇಡ: ಮಧ್ವರಲ್ಲಿ ಜೀವರೂ ಜಡವೂ ಈಶ್ವರನ ಅಧೀನವಾಗಿದ್ದರೂ ಅನಾದಿ, ಕ್ರೈಸ್ತ ದೈವಶಾಸ್ತ್ರದಲ್ಲಿ ಎಲ್ಲವೂ ಶೂನ್ಯದಿಂದ ಸೃಷ್ಟಿಯಾದದ್ದು. ಸಾಮ್ಯಕ್ಕಿಂತ ಈ ವ್ಯತ್ಯಾಸವೇ ಹೆಚ್ಚು ಕಲಿಸುತ್ತದೆ.

ತರಗತಿಯಲ್ಲಿ ಎಂಟು ಹತ್ತು ಮಂದಿಯಷ್ಟೇ ಇದ್ದಾಗ ಓದದೆ ಬಂದವರು ಅಡಗಿ ಕೂರುವಂತಿಲ್ಲ. ಪಾಠ ಹೇಳಿದ ಫಾದರ್ ಅದೇ ಊಟದ ಮನೆಯಲ್ಲಿ ಸಿಗುತ್ತಾರೆ. ರಾತ್ರಿ ಊಟದ ನಂತರ ಅಂಗಳದಲ್ಲಿ ನಡೆದಾಡುವಾಗ ಕೇಳಿದ ಪ್ರಶ್ನೆಗೆ ಸಿಗುವ ಉತ್ತರ ಎಷ್ಟೋ ಸಲ ತರಗತಿಯ ಉತ್ತರಕ್ಕಿಂತ ಆಳವಾಗಿರುತ್ತದೆ. ಹಾಗೆಯೇ ಒಂದು ಅಪಾಯವೂ ಇದೆ. ಒಂದು ವಿಷಯಕ್ಕೆ ಒಬ್ಬರೇ ಅಧ್ಯಾಪಕರಿದ್ದಾಗ ಅವರ ಅಭಿಪ್ರಾಯವೇ ಧರ್ಮಸಭೆಯ ಬೋಧನೆ ಎಂದು ಅನ್ನಿಸತೊಡಗುತ್ತದೆ. ಆದ್ದರಿಂದ ಮೂಲ ದಾಖಲೆಗಳನ್ನು ಸ್ವತಃ ಓದಿರಿ. ತತ್ವಶಾಸ್ತ್ರ ಏಕೆ ಬೇಕು ಎಂಬುದಕ್ಕೆ ಪೋಪ್ ಎರಡನೆಯ ಜಾನ್ ಪೌಲರು 1998ರಲ್ಲಿ ಹೊರಡಿಸಿದ ‘ಫೀದೆಸ್ ಎತ್ ರಾಸಿಯೊ’ (ವಿಶ್ವಾಸ ಮತ್ತು ವಿವೇಕ) ವಿಶ್ವಪತ್ರವನ್ನೇ ತೆಗೆದುಕೊಳ್ಳಿ. ದಿನಕ್ಕೆ ನಾಲ್ಕು ಪ್ಯಾರಾದಂತೆ ಓದಿದರೆ ಒಂದು ತಿಂಗಳೊಳಗೆ ಮುಗಿಯುತ್ತದೆ.

ಗ್ರೀಕ್ ತರಗತಿ ಸಣ್ಣದಿದ್ದರೂ ಬಿಡಬೇಡಿ. ಯೊವಾನ್ನರ ಶುಭಸಂದೇಶದ 1:14ರಲ್ಲಿ, ದೇವರ ವಾಕ್ಯ ಮನುಷ್ಯರಾಗಿ ನಮ್ಮ ನಡುವೆ ‘ವಾಸಿಸಿದರು’ ಎಂದು ನಾವು ಓದುವ ಕಡೆ ಗ್ರೀಕ್ ಮೂಲದಲ್ಲಿರುವ ‘ಎಸ್ಕೀನೋಸೆನ್’ ಎಂಬ ಕ್ರಿಯಾಪದದೊಳಗೆ ‘ಗುಡಾರ’ ಎಂಬ ಪದ ಅಡಗಿದೆ. ಮರುಭೂಮಿಯಲ್ಲಿ ಇಸ್ರಯೇಲರ ನಡುವೆ ನಿಂತಿದ್ದ ದೇವದರ್ಶನದ ಗುಡಾರ ಆ ಒಂದೇ ಪದದಿಂದ ಕಣ್ಣ ಮುಂದೆ ಬರುತ್ತದೆ.

ದೈವಶಾಸ್ತ್ರ ಆರಂಭವಾಗುವ ದಿನ ಆ ಹಳೆಯ ನೋಟ್ ಪುಸ್ತಕವನ್ನು ಮೇಜಿನ ಮೇಲೆ ತಂದಿಟ್ಟುಕೊಳ್ಳಿ. ಕ್ರಿಸ್ತರು ಯಾರು ಎಂಬುದನ್ನು ಕಲಿಸುವ ಕ್ರಿಸ್ತಶಾಸ್ತ್ರದ ಮೊದಲ ಪಾಠಗಳಲ್ಲೇ ‘ಸ್ವಭಾವ’ದ ಪುಟವನ್ನು ತಿರುವಬೇಕಾಗುತ್ತದೆ.