ನಲ್ಲಿ ನೀರು ಗಡಸಾಗಿದ್ರೆ ಮನೇಲಿ ಏನೇನು ಮಾಡ್ಬಹುದು

ಊರಾಚೆ ಹೊಸ ಬಡಾವಣೆಗೆ ಮನೆ ಬದಲಾಯಿಸಿದವರು ಒಂದಾರು ತಿಂಗಳು ಕಳೆಯೋದ್ರೊಳಗೆ ಶುರು ಮಾಡ್ತಾರೆ, ಗ್ಲಾಸ್ ಎಷ್ಟು ಉಜ್ಜಿದ್ರೂ ಬಿಳಿ ಹೋಗಲ್ಲ, ಸೋಪು ನೊರೆ ಬರಲ್ಲ, ಟವಲ್ ಒಣಗಿದ್ರೆ ಹಪ್ಪಳ ಆದಂಗೆ ಆಗುತ್ತೆ, ಗೀಸರ್ ಒಳಗಿಂದ ಪಟಪಟ ಸದ್ದು ಅಂತ. ಎಲ್ಲದಕ್ಕೂ ಕಾರಣ ಒಂದೇ, ನೀರಲ್ಲಿ ಕರಗಿರೋ ಕ್ಯಾಲ್ಸಿಯಂ ಮತ್ತೆ ಮೆಗ್ನೀಸಿಯಂ. ಸುಣ್ಣದ ಅಂಶ ಇರೋ ಕಲ್ಲು ಮಣ್ಣಲ್ಲಿ ಇಳಿದು ಬಂದ ನೀರು ಅದನ್ನ ಹೊತ್ಕೊಂಡೇ ಬರುತ್ತೆ.

ಮೊದ್ಲು ಅಳೀರಿ, ಆಮೇಲೆ ದುಡ್ಡು ಬಿಚ್ಚಿ. ನಾನು ಮಾಡಿದ ತಪ್ಪು ಇಲ್ಲೇ, ಟಿಡಿಎಸ್ ಮೀಟರ್ ಅದ್ದಿ ನಂಬರ್ ನೋಡಿ ಅದೇ ಗಡಸುತನ ಅನ್ಕೊಂಡಿದ್ದೆ. ಟಿಡಿಎಸ್ ಅಂದ್ರೆ ನೀರಲ್ಲಿ ಕರಗಿರೋ ಎಲ್ಲಾ ಲವಣಗಳ ಅಂದಾಜು, ಅಡುಗೆ ಉಪ್ಪು ಕರಗಿಸಿದ್ರೂ ಏರುತ್ತೆ, ಆದ್ರೆ ಉಪ್ಪಿಂದ ನೀರು ಗಡಸಾಗಲ್ಲ. ಬೇಕಾಗಿರೋದು ಹಾರ್ಡ್‌ನೆಸ್ ಸ್ಟ್ರಿಪ್ಪು, ಇಲ್ಲಾ ಹನಿ ಹನಿ ಹಾಕಿ ಎಣಿಸೋ ಕಿಟ್ಟು, ಅದ್ರಲ್ಲಿ ಕೆಂಪು ಬಣ್ಣ ನೀಲಿಗೆ ತಿರುಗೋವರ್ಗೂ ಹನಿ ಹಾಕೋದು, ಸ್ಟ್ರಿಪ್ಪಿಗಿಂತ ಕರೆಕ್ಟಾಗಿ ಗೊತ್ತಾಗುತ್ತೆ. ಲೀಟರ್‌ಗೆ 60 ಮಿಲಿಗ್ರಾಂ ಒಳಗಿದ್ರೆ ಮೆದು ನೀರು, 120ರವರೆಗೆ ಪರವಾಗಿಲ್ಲ, 180 ದಾಟಿದ್ರೆ ತುಂಬಾ ಗಡಸು. ಕೆಲವು ಕಿಟ್ಟು ಗ್ರೇನ್ ಲೆಕ್ಕದಲ್ಲಿ ಹೇಳುತ್ತೆ, 17.1ರಿಂದ ಗುಣಿಸ್ಕೊಳ್ಳಿ.

ಕುಡಿಯೋಕೆ ಹೆದರ್ಬೇಡಿ. ವಿಶ್ವ ಆರೋಗ್ಯ ಸಂಸ್ಥೆಯೇ ಗಡಸುತನಕ್ಕೆ ಆರೋಗ್ಯದ ಲೆಕ್ಕದಲ್ಲಿ ಮಿತಿ ಅಂತ ಇಟ್ಟಿಲ್ಲ. ಏಟು ಬೀಳೋದು ಸಾಮಾನುಗಳಿಗೆ.

ಅದ್ರಲ್ಲೂ ಬಿಸಿ ನೀರು ಇರೋ ಕಡೆ. ನೀರು ಕಾದಾಗ ಅದ್ರಲ್ಲಿರೋ ಬೈಕಾರ್ಬನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಕಾಯಿಲ್ ಮೇಲೆ ಪದರ ಪದರವಾಗಿ ಕೂರುತ್ತೆ, ಪದರ ದಪ್ಪ ಆದಷ್ಟೂ ಶಾಖ ನೀರಿಗೆ ಹೋಗೋ ಬದ್ಲು ಕಾಯಿಲ್‌ನಲ್ಲೇ ಉಳಿದು ಅದು ಸುಟ್ಟು ಹೋಗುತ್ತೆ. ಆ ಪಟಪಟ ಸದ್ದು ಪದರದ ಕೆಳಗೆ ಸಿಕ್ಕಿಬಿದ್ದ ನೀರು ಆವಿಯಾಗಿ ಒಡೆಯೋದು. ಥರ್ಮೋಸ್ಟಾಟ್ 75ಕ್ಕೆ ಇಟ್ಟಿದ್ರೆ 60 ಡಿಗ್ರಿಗೆ ಇಳಿಸಿ, ಕಟ್ಟೋದು ಎಷ್ಟೋ ನಿಧಾನ ಆಗುತ್ತೆ. ಹಾಗಂತ 40ಕ್ಕೆ ಇಳಿಸ್ಬೇಡಿ, ಉಗುರುಬೆಚ್ಚಗೆ ನಿಂತ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕರೆಸಿ ಕಾಯಿಲ್ ಕ್ಲೀನ್ ಮಾಡ್ಸಿ, ಜೊತೆಗೆ ಒಳಗಿರೋ ಆನೋಡ್ ರಾಡ್ ಕೂಡ ನೋಡೋಕೆ ಹೇಳಿ, ಅದು ಸವೆದು ಹೋಗಿದ್ರೆ ತೊಟ್ಟಿಗೇ ತುಕ್ಕು ಹಿಡಿಯುತ್ತೆ.

ಕೆಟಲ್, ಶವರ್, ನಲ್ಲಿ ತುದಿಯ ಜಾಲರಿ ಇದೆಲ್ಲ ನೀವೇ ಮಾಡ್ಕೋಬಹುದು. ಸಿಟ್ರಿಕ್ ಆಸಿಡ್ ಪುಡಿ, ಅದೇ ನಿಂಬೆ ಉಪ್ಪು, ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಹಾಕಿ ಕೆಟಲ್‌ನಲ್ಲಿ ಬೆಚ್ಚಗೆ ಮಾಡಿ ಅರ್ಧ ಗಂಟೆ ಬಿಟ್ರೆ ಬುರುಬುರು ಅಂತ ಬಿಟ್ಕೊಂಡು ಬರುತ್ತೆ, ಆಮೇಲೆ ಎರಡು ಸಲ ಬರೀ ನೀರು ಕುದಿಸಿ ಚೆಲ್ಲಿ. ಶವರ್ ಬಿಚ್ಚೋಕೆ ಬರ್ಲಿಲ್ಲ ಅಂದ್ರೆ ಪ್ಲಾಸ್ಟಿಕ್ ಕವರ್‌ನಲ್ಲಿ ವಿನೆಗರ್ ತುಂಬಿ ಅದಕ್ಕೇ ಕಟ್ಟಿ ಒಂದೆರಡು ಗಂಟೆ ಬಿಡಿ. ಎರಡು ವಿಷಯ ಮಾತ್ರ ನೆನಪಿರ್ಲಿ: ಯಾವ ಆಸಿಡ್ಡನ್ನೂ ಬ್ಲೀಚ್ ಜೊತೆ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಮತ್ತೆ ಮಾರ್ಬಲ್ ಮೇಲೆ ಬಿಡಲೇಬೇಡಿ, ಮಾರ್ಬಲ್ ಕೂಡ ಅದೇ ಕ್ಯಾಲ್ಸಿಯಂ ಕಾರ್ಬನೇಟೇ, ಕಲೆ ಜೊತೆ ಕಲ್ಲಿನ ಹೊಳಪೂ ಹೋಗುತ್ತೆ (ನಮ್ಮನೆ ಬೇಸಿನ್ ಪಕ್ಕ ಒಂದು ಮಂಕು ಉಂಗುರ ಹಾಗೇ ಇದೆ, ಯಾರಾದ್ರೂ ಬಂದ್ರೆ ಅದರ ಮೇಲೆ ಸೋಪ್ ಡಬ್ಬಿ ಇಡ್ತೀನಿ).

ಸ್ನಾನಕ್ಕೆ ಸೋಪಿನ ಬದ್ಲು ಬಾಡಿ ವಾಶ್ ಹಾಕಿ ನೋಡಿ. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಮೊಸರೊಡೆದಂಗೆ ಜಿಡ್ಡಾಗುತ್ತೆ, ಬಕೆಟ್ ಅಂಚಲ್ಲಿ ಟೈಲ್ಸ್ ಮೇಲೆ ಕೂರೋ ಬೂದು ಗೆರೆ ಅದೇ, ಡಿಟರ್ಜೆಂಟ್ ಥರದ್ದು ಹಾಗೆ ಕೆಡಲ್ಲ. ವಾಷಿಂಗ್ ಮೆಷಿನ್‌ಗೆ ಪ್ಯಾಕೆಟ್ ಮೇಲೆ ಗಡಸು ನೀರಿಗೆ ಅಂತ ಬರೆದಿರೋ ಅಳತೆನೇ ಹಾಕಿ.

ಇಷ್ಟೆಲ್ಲ ಮಾಡಿಯೂ ಸಾಕಾಗಿಲ್ಲ, ಅಳತೆನೂ 200ರ ಮೇಲಿದೆ ಅಂದ್ರೆ ಸಾಫ್ಟನರ್ ಯೋಚ್ನೆ ಮಾಡಿ. ಅದ್ರೊಳಗೆ ರೆಸಿನ್ ಮಣಿಗಳು ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡ್ಕೊಂಡು ಸೋಡಿಯಂ ಬಿಡುತ್ತೆ, ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ತೊಳೀಬೇಕು. ಸೈಜ್ ಲೆಕ್ಕ ಹೀಗೆ: ನಾಲ್ಕು ಜನ, ತಲೆಗೆ ದಿನಕ್ಕೆ 150 ಲೀಟರ್ ಅಂದ್ರೆ 600 ಲೀಟರ್, ಗಡಸುತನ 300 ಇದ್ರೆ ದಿನಕ್ಕೆ 180 ಗ್ರಾಂ ತೆಗೀಬೇಕು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತೆ, 25 ಲೀಟರ್ ರೆಸಿನ್ ಇದ್ರೆ ಹೆಚ್ಚುಕಮ್ಮಿ ಒಂದು ವಾರಕ್ಕೊಮ್ಮೆ ತೊಳೆಯೋದು. ಮಾರೋರು ಈ ಲೆಕ್ಕ ಹೇಳ್ದೆ ಬರೀ ಬಾತ್ರೂಮ್ ಎಷ್ಟಿದೆ ಅಂತ ಕೇಳಿ ರೇಟ್ ಹೇಳಿದ್ರೆ ಸುಮ್ನೆ ಎದ್ದು ಬನ್ನಿ. ಪೈಪಿಗೆ ಸುತ್ತೋ ಮ್ಯಾಗ್ನೆಟ್ಟು ನೀರಿಂದ ಏನನ್ನೂ ತೆಗೆಯಲ್ಲ, ಹಾಕಿದ ಮೇಲೆ ಸ್ಟ್ರಿಪ್ಪಿನಲ್ಲಿ ಅಳೆದ್ರೆ ನಂಬರ್ ಅಷ್ಟೇ ಇರುತ್ತೆ.

ಪ್ಲಂಬರ್‌ಗೆ ಮುಂಚೆನೇ ಹೇಳಿ, ಅಡುಗೆಮನೆ ಕುಡಿಯೋ ನಲ್ಲಿ ಮತ್ತೆ ಗಿಡದ ನಲ್ಲಿ ಸಾಫ್ಟನರ್‌ಗಿಂತ ಮುಂಚೆ ಬೇರೆ ಲೈನ್ ತೆಗೀಬೇಕು ಅಂತ. 300 ಇದ್ದ ನೀರು ಮೆದು ಆದ್ಮೇಲೆ ಲೀಟರ್‌ಗೆ ಸುಮಾರು 138 ಮಿಲಿಗ್ರಾಂ ಸೋಡಿಯಂ ಸೇರಿರುತ್ತೆ, ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿರೋರಿಗೆ ಅದು ಬೇಡ, ಕುಂಡದ ಗಿಡಗಳಿಗಂತೂ ಬೇಡ್ವೇ ಬೇಡ, ಮಣ್ಣು ಗಟ್ಟಿಯಾಗಿ ನೀರೇ ಇಳಿಯಲ್ಲ.