ಹಟಮಾರಿ ಗ್ರೀನ್ ಸ್ಕ್ರೀನ್: ಕೀ ತೆಗೆಯುವುದು ಹೇಗೆ?

ಕೀ ತೆಗೆಯುವುದೆಂದರೆ ಹಸಿರು ಪರದೆಯನ್ನು ಅಳಿಸಿ, ಹೊಸ ಹಿನ್ನೆಲೆಗಾಗಿ ನಟರನ್ನು ಬೇರ್ಪಡಿಸುವುದು. ಆ ಕೆಲಸ ಮಾಡುವ ಟೂಲ್ ಕೀಯರ್. ಒಂದೇ ಕೀಯರ್‌ನಲ್ಲಿ ಇಡೀ ಶಾಟ್ ಮುಗಿಸುವ ಆಸೆಯನ್ನು ಮೊದಲು ಬಿಡಿ. ಪರದೆಯ ಮೇಲೆ ಬೆಳಕು ಒಂದೇ ಸಮನೆ ಬಿದ್ದಿದ್ದರೆ ಹಸಿರಿನ ಮೇಲೆ ಒಂದು ಕ್ಲಿಕ್ ಸಾಕು. ಸುಕ್ಕು, ನೆರಳು, ಹಾರುವ ಕೂದಲು ಎಲ್ಲ ಒಟ್ಟಿಗೆ ಬಂದಾಗ ಹಾಗಾಗದು. ಕೂದಲಿಗೆ ಹೊಂದುವ ಸೆಟ್ಟಿಂಗ್ ಅಂಗಿಯಲ್ಲಿ ತೂತು ಮಾಡುತ್ತದೆ. ತೂತು ಮುಚ್ಚಲು ಹೋದರೆ ಕೂದಲು ಮಾಯ.

ಫೂಟೇಜ್ ಯಾವುದೆಂದು ನೋಡಿ. ಬಣ್ಣದ ಮಾಹಿತಿ ಕಡಿತ ಮಾಡಿ ಉಳಿಸಿದ 4:2:0 ಫೈಲಿನಲ್ಲಿ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಮಾಹಿತಿ ಇರುತ್ತದೆ. ಹಾಗಾಗಿ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕ್ಯಾಮೆರಾದ ಮೂಲ ಫೈಲ್ ಸಿಗುವಂತಿದ್ದರೆ ಕೇಳಿ ಪಡೆಯಿರಿ. ನಂತರ ಪ್ಲೇಟ್‌ನ (ಚಿತ್ರೀಕರಿಸಿದ ಮೂಲ ದೃಶ್ಯದ) ಒಂದು ಪ್ರತಿಯನ್ನು ಡೀನಾಯ್ಸ್ ಮಾಡಿ, ಅಂದರೆ ಚುಕ್ಕಿ ಚುಕ್ಕಿಯಾದ ಗ್ರೇನ್ ತೆಗೆದು, ಕೀ ತೆಗೆಯಲು ಅದನ್ನು ಬಳಸಿ. ಚಿತ್ರದ ಬಣ್ಣ ಮಾತ್ರ ಗ್ರೇನ್ ಇರುವ ಮೂಲ ಪ್ಲೇಟಿನದೇ ಆಗಿರಲಿ. ಇಲ್ಲದಿದ್ದರೆ ಮುಖ ಮೇಣದಂತೆ ಕಾಣುತ್ತದೆ.

ಈಗ ಕ್ಲೀನ್ ಪ್ಲೇಟ್, ಅಂದರೆ ನಟರಿಲ್ಲದ ಬರೀ ಪರದೆಯ ಚಿತ್ರ. ಖಾಲಿ ಪರದೆಯನ್ನು ಬೇರೆಯಾಗಿ ಚಿತ್ರೀಕರಿಸಿದ್ದರೆ ಅದೃಷ್ಟ. ಇಲ್ಲವಾದರೆ ಸುತ್ತಲಿನ ಹಸಿರನ್ನೇ ಒಳಕ್ಕೆ ಹರಡಿ ನಟ ನಿಂತ ಜಾಗವನ್ನು ತುಂಬಿಸಿ. ನ್ಯೂಕ್ ಎಂಬ ಕಂಪೋಸಿಟಿಂಗ್ ಸಾಫ್ಟ್‌ವೇರ್‌ನ ಐಬಿಕೆ ಕೀಯರ್ ಮಾಡುವುದೂ ಇದನ್ನೇ. ಪ್ರತಿ ಪಿಕ್ಸೆಲ್‌ಗೂ ಅಲ್ಲಿನದೇ ಹಸಿರು ಹೋಲಿಕೆಗೆ ಸಿಗುವುದರಿಂದ ಏರುಪೇರಾದ ಬೆಳಕಿನ ಕಾಟ ಬಹುಪಾಲು ತಪ್ಪುತ್ತದೆ.

ಮ್ಯಾಟ್ ಎಂದರೆ ಉಳಿಯಬೇಕಾದದ್ದು ಬಿಳಿ, ಹೋಗಬೇಕಾದದ್ದು ಕಪ್ಪು ಆಗಿರುವ ಮಾಸ್ಕ್. ಸ್ಟ್ಯಾಂಡು, ಪರದೆಯ ತುದಿಗಳಂಥ ಬೇಡದ ಭಾಗಗಳನ್ನು ಗಾರ್ಬೇಜ್ ಮ್ಯಾಟ್‌ನಿಂದ ತೆಗೆದುಹಾಕಿ. ದೇಹದ ಒಳಭಾಗಕ್ಕೆ ಗಟ್ಟಿಯಾದ ಕೋರ್ ಮ್ಯಾಟ್ ಮಾಡಿ, ತುಸು ಒಳಕ್ಕೆ ಕುಗ್ಗಿಸಿ. ಅಂಚಿಗೆ ಮೃದುವಾದ ಇನ್ನೊಂದು ಕೀ. ಮೋಷನ್ ಬ್ಲರ್ ಇರುವ, ಅಂದರೆ ಚಲನೆಯಿಂದ ಮಸುಕಾದ ಕೈಗೆ ರೋಟೋ (ಫ್ರೇಮಿಗೆ ತಕ್ಕಂತೆ ಕೈಯಿಂದ ಬರೆದ ಆಕಾರ) ಹಾಕಿ ಮೂರನೆಯದು. ಈ ಮೂರನ್ನೂ ಮ್ಯಾಕ್ಸ್‌ನಲ್ಲಿ, ಅಂದರೆ ಪ್ರತಿ ಪಿಕ್ಸೆಲ್‌ಗೂ ದೊಡ್ಡ ಬೆಲೆಯನ್ನು ಉಳಿಸಿಕೊಂಡು ಸೇರಿಸಿ.

ಹೆಚ್ಚಿನವರು ಎಡವುವುದು ಡಿಸ್ಪಿಲ್‌ನಲ್ಲಿ, ಅಂದರೆ ನಟರ ಮೇಲೆ ಬಿದ್ದ ಪರದೆಯ ಹಸಿರು ಛಾಯೆಯನ್ನು ತೆಗೆಯುವುದರಲ್ಲಿ. ಕೆಂಪು, ನೀಲಿಗಳ ಸರಾಸರಿಗಿಂತ ಮೇಲಿರುವ ಹಸಿರನ್ನು ಕತ್ತರಿಸುವುದು ಒಂದು ಕ್ರಮ. ನಟಿ ಹಳದಿ ಬಟ್ಟೆ ತೊಟ್ಟಿದ್ದಾರೆ ಎನ್ನಿ: ಕೆಂಪು 0.8, ಹಸಿರು 0.7, ನೀಲಿ 0.1. ಸರಾಸರಿ 0.45, ಹಸಿರು ಅಲ್ಲಿಗೆ ಇಳಿದ ಕೂಡಲೇ ಹಳದಿ ಕಿತ್ತಳೆಗೆ ತಿರುಗುತ್ತದೆ. ಎರಡರಲ್ಲಿ ದೊಡ್ಡದನ್ನು, ಅಂದರೆ 0.8 ಅನ್ನು ಮಿತಿಯಾಗಿಟ್ಟರೆ ಬಟ್ಟೆಗೆ ಏನೂ ಆಗುವುದಿಲ್ಲ. ಆದ್ದರಿಂದ ಬಟ್ಟೆಗೊಂದು, ಕೂದಲಿಗೊಂದು ಡಿಸ್ಪಿಲ್ ಇಟ್ಟುಕೊಳ್ಳುವುದೇ ಲೇಸು. ಹಸಿರು ಹೋದ ಕಡೆ ಬೆಳಕೂ ಕುಂದುತ್ತದೆ. ತೆಗೆದ ಹಸಿರಿನ ಪ್ರಮಾಣವನ್ನು ಕಪ್ಪುಬಿಳುಪು ಮಾಡಿ, ಬ್ಲರ್ ಮಾಡಿದ ಹೊಸ ಹಿನ್ನೆಲೆಯಿಂದ ಗುಣಿಸಿ ಮತ್ತೆ ಕೂಡಿಸಿ. ಕೂದಲಿಗೆ ಹಿನ್ನೆಲೆಯ ಬೆಳಕೇ ತಾಗಿದಂತಾಗುತ್ತದೆ.

ಅಂಚಿನಲ್ಲಿ ಕಪ್ಪು ಗೆರೆ ಕಂಡ ತಕ್ಷಣ ಮ್ಯಾಟ್ ಕುಗ್ಗಿಸಬೇಡಿ. ಪ್ರೀಮಲ್ಟಿಪ್ಲೈ (ಬಣ್ಣವನ್ನು ಮ್ಯಾಟ್‌ನಿಂದ ಗುಣಿಸುವುದು) ಎರಡು ಸಲ ಆಗಿದೆಯೇ ಎಂದು ನೋಡಿ. ಬಹಳಷ್ಟು ಸಲ ತಪ್ಪು ಅಲ್ಲೇ ಇರುತ್ತದೆ. ಅದು ಸರಿಯಿದ್ದರೆ ಒಳಗಿನ ಬಣ್ಣವನ್ನು ಅಂಚಿಗೆ ಎಳೆಯಿರಿ.

ವ್ಯೂವರ್‌ನ ಗಾಮಾ (ನಡುವಿನ ಬೂದು ಛಾಯೆಗಳ ಹೊಳಪು) ಏರಿಸಿ, ಇಳಿಸಿ ಆಲ್ಫಾ, ಅಂದರೆ ಸೇರಿಸಿದ ಮ್ಯಾಟ್ ಇರುವ ಚಾನೆಲ್ ಪರೀಕ್ಷಿಸಿ. ಒಂದು ಫ್ರೇಮ್ ನೋಡಿ ತೃಪ್ತರಾಗದೆ ಶಾಟ್ ಓಡಿಸಿ. ಅಂಚು ಮಿನುಗುವುದು ಓಡಿಸಿದಾಗಲೇ ಕಾಣುವುದು. ಆಮೇಲೂ ಒಂದೆರಡು ಕೂದಲೆಳೆ ಬಾರದಿದ್ದರೆ ಕೈಯಿಂದ ಪೇಂಟ್ ಮಾಡಿ, ಟ್ರ್ಯಾಕ್ ಮಾಡಿ ಕೂರಿಸಿ.