ನಿಂತಾಗ ಮಾತ್ರ ಗಾಡಿ ಹೀಟ್ ಆಗ್ತಿದೆಯೇ? ಮೊದಲು ಫ್ಯಾನ್ ನೋಡಿ

ಮೇ ತಿಂಗಳ ಮಧ್ಯಾಹ್ನ. ಸೊಲ್ಲಾಪುರದಿಂದ ಬರುವಷ್ಟು ಹೊತ್ತೂ ಟೆಂಪರೇಚರ್ ಮುಳ್ಳು ನಡುವೆಯೇ ಇತ್ತು. ವಿಜಯಪುರದ ಗಾಂಧಿ ಚೌಕದ ಟ್ರಾಫಿಕ್‌ನಲ್ಲಿ ನಿಂತದ್ದೇ ತಡ, ಸರಸರ ಮೇಲೇರಿತು. ಮೆಕ್ಯಾನಿಕ್ ಒಬ್ಬ ಬಾನೆಟ್ ಕೂಡ ಎತ್ತದೆ, “ಹೆಡ್ ಗ್ಯಾಸ್ಕೆಟ್ ಹೋಗೇತ್ರಿ ಸರ್, ಎಂಜಿನ್ ಬಿಚ್ಚಬೇಕಾಗ್ತೈತಿ” ಅಂದ. ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲು. ಆದರೆ ಹೋಗಿದ್ದು ಫ್ಯಾನಿನ ರಿಲೇ, ಅಂದರೆ ಅದಕ್ಕೆ ಕರೆಂಟ್ ಹರಿಸುವ ಪುಟ್ಟ ಸ್ವಿಚ್ಚು, ಅಷ್ಟೇ.

ಓಡುವಾಗ ಸರಿ, ನಿಂತಾಗ ಬಿಸಿ ಅಂದರೆ ಅರ್ಧ ಉತ್ತರ ಸಿಕ್ಕಂತೆ. ಓಡುವಾಗ ಎದುರುಗಾಳಿ ತಾನಾಗಿಯೇ ರೇಡಿಯೇಟರ್‌ಗೆ, ಅಂದರೆ ಎಂಜಿನ್ನಿನ ಬಿಸಿ ನೀರು ತಣಿಸುವ ಪೆಟ್ಟಿಗೆಗೆ, ಬಡಿಯುತ್ತದೆ. ನಿಂತಾಗ ಗಾಳಿ ಎಳೆಯಬೇಕಾದದ್ದು ಫ್ಯಾನ್.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಕೂಲಂಟ್ (ಎಂಜಿನ್ ತಣಿಸುವ ದ್ರವ) ಮಟ್ಟ ನೋಡಿ. ಬಿಸಿ ಇದ್ದಾಗ ಕ್ಯಾಪ್ ಮುಟ್ಟಲೇಬೇಡಿ. ಒತ್ತಡ ಇರುವುದರಿಂದ ಒಳಗಿನ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕ್ಯಾಪ್ ಸಡಿಲಾದರೆ ಕುದ್ದು ಮುಖಕ್ಕೇ ಚಿಮ್ಮುತ್ತದೆ.

ಈಗ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗುತ್ತದೆ. ತಿರುಗಿತು ಅಂತ ಸುಮ್ನೆ ಬಿಡಬೇಡಿ. ಈ ಪುರವಣಿಯದೇ ಒಂದು ಹಾಳೆಯನ್ನು ಮುಂದಿನ ಜಾಲರಿಗೆ ಹಿಡಿದು ಕೈ ಬಿಡಿ. ಅಂಟಿಕೊಂಡು ನಿಂತರೆ ಗಾಳಿ ಎಳೆತ ಸರಿ ಇದೆ. ಜಾರಿ ಬಿದ್ದರೆ ಫ್ಯಾನ್ ಮೋಟಾರ್ ಸೋತಿದೆ, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡಿದೆ. ನಮ್ಮ ಕಡೆ ಎರಡನೆಯದೇ ಜಾಸ್ತಿ. ಧೂಳು, ಹುಳ, ಹತ್ತಿ ಎಳೆ ಎಲ್ಲ ಮುಂದಿರುವ ಎಸಿ ಕಂಡೆನ್ಸರ್‌ಗೂ ಹಿಂದಿನ ರೇಡಿಯೇಟರ್‌ಗೂ ನಡುವೆ ಹೋಗಿ ಕೂರುತ್ತವೆ. ಹೊರಗಿನಿಂದ ಕಾಣುವುದೇ ಇಲ್ಲ. ಎಂಜಿನ್ ತಣ್ಣಗಾದ ಮೇಲೆ ಎಂಜಿನ್ ಕಡೆಯಿಂದ ಮುಂದಿನ ಜಾಲರಿಯ ಕಡೆಗೆ ಮೆಲ್ಲಗೆ ನೀರು ಬಿಡಿ. ಸರ್ವಿಸ್ ಸ್ಟೇಷನ್‌ನ ಜೋರು ಪ್ರೆಶರ್ ಬೇಡ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಫ್ಯಾನ್ ತಿರುಗದಿದ್ದರೆ ಗಾಡಿ ಆಫ್ ಮಾಡಿ ಫ್ಯೂಸ್ ನೋಡಿ. ಆಮೇಲೆ ರಿಲೇ. ಹಾರ್ನಿನ ರಿಲೇ ಅದೇ ನಂಬರಿನದಾಗಿದ್ದರೆ ಅದನ್ನೇ ಕಿತ್ತು ಇಲ್ಲಿ ಹಾಕಿ ನೋಡಬಹುದು. ನಾನು ಅವತ್ತು ಹಾಗೇ ಮಾಡಿ, ಹಾರ್ನ್ ಇಲ್ಲದೆ ಊರು ದಾಟಿ ಮನೆ ಸೇರಿದೆ. ಎಸಿ ಹಾಕಿದರೆ ತಿರುಗುತ್ತದೆ, ಎಂಜಿನ್ ಬಿಸಿಯಾದರೆ ತಿರುಗುವುದಿಲ್ಲ ಅಂದರೆ ಅನುಮಾನ ಟೆಂಪರೇಚರ್ ಸೆನ್ಸರ್ ಮೇಲೆ. ಕೈ ಹಾಕುವ ಮುನ್ನ ಬ್ಯಾಟರಿ ವೈರ್ ಬಿಚ್ಚಿ. ಕೀ ತೆಗೆದರೂ ಕೆಲವು ಫ್ಯಾನ್ ತಾವಾಗಿಯೇ ತಿರುಗುತ್ತವೆ.

ಹಳೆ ಜೀಪ್‌ಗಳಲ್ಲಿ ಫ್ಯಾನ್ ಬೆಲ್ಟಿನ ಮೇಲೆ ಓಡುತ್ತದೆ. ಅಲ್ಲಿ ಬೆಲ್ಟಿನ ಬಿಗಿ ನೋಡಿದರೆ ಮುಕ್ಕಾಲು ಕೆಲಸ ಮುಗೀತು.

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಕ್ಯಾಪ್, ವಾಟರ್ ಪಂಪ್, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡದ ಕವಾಟ) ನೋಡಿ. ಬೋರ್‌ವೆಲ್ ನೀರು ಸುರಿದಿದ್ದರೆ ರೇಡಿಯೇಟರ್ ಒಳಗೂ ಬಿಳಿ ಉಪ್ಪು ಕಟ್ಟಿರುತ್ತದೆ, ನಮ್ಮ ಬಕೆಟ್‌ಗಳಿಗೆ ಕಟ್ಟುವ ಹಾಗೆ. ಥರ್ಮೋಸ್ಟಾಟ್ ಕಿತ್ತು ಬಿಸಾಕಿದರೆ ಆಯ್ತು ಅನ್ನುವವರಿದ್ದಾರೆ. ಕೇಳಬೇಡಿ. ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗುವುದೇ ತಡವಾಗಿ, ಡೀಸೆಲ್ ಸುಮ್ನೆ ಸುಡುತ್ತದೆ.

ಹೆಡ್ ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಹೆಚ್ಚಾಗಿ ಇವುಗಳಲ್ಲಿ ಒಂದಾದರೂ ಗುರುತು ಕಣ್ಣಿಗೇ ಕಾಣುತ್ತದೆ. ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತದೆ, ಕೂಲಂಟ್ ಡಬ್ಬದಲ್ಲಿ ಗುಳ್ಳೆ ಏಳುತ್ತವೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲುವುದೇ ಇಲ್ಲ. ಆಯಿಲ್ ಗೇಜಿನ ಕಡ್ಡಿ ಎಳೆದರೆ ಹಾಲು ಜಾಸ್ತಿಯಾದ ಚಹಾದ ಬಣ್ಣ. ಹಾಗಿದ್ದರೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.